ಸಣ್ಣ ಕಾಮಗಾರಿಗಳಿಗೆ ಮಿನಿ ಎಕ್ಸ್‌ಕವೇಟರ್ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಮನೆಯ ಪಾಯ, ನೀರಿನ ಸಂಪು, ಶೌಚಗುಂಡಿ, ಚರಂಡಿ, ಕುಡಿಯುವ ನೀರಿನ ಕೊಳವೆ ಮಾರ್ಗ, ತೋಟದ ಬಸಿಗಾಲುವೆ ಮೊದಲಾದ ಸಣ್ಣ ಕಾಮಗಾರಿಗಳಲ್ಲಿ ಮಣ್ಣು ಅಗೆಯುವ ಕೆಲಸವು ಇಂದು ಬಹುಮಟ್ಟಿಗೆ ಯಂತ್ರಗಳಿಂದಲೇ ನಡೆಯುತ್ತಿದೆ. ಸಣ್ಣ ಗುತ್ತಿಗೆದಾರರು ಹಾಗೂ ಸ್ವಯಂ ಉದ್ಯೋಗ ಕೈಗೊಳ್ಳಬಯಸುವ ಯುವಕ ಯುವತಿಯರು ಇಂತಹ ಯಂತ್ರವನ್ನು ಖರೀದಿಸಲು ಸಾಲ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವುದುಂಟು. ಅನೇಕ ಕುಟುಂಬಗಳಿಗೆ ಇದು ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಸಾಲವಾಗಿರುತ್ತದೆ. ಮನೆ ಅಥವಾ ಜಮೀನನ್ನು ಆಧಾರವಾಗಿ ನೀಡಿರುವ ಸಂದರ್ಭಗಳೂ ಇರುತ್ತವೆ. ಯಂತ್ರದ ಆಯ್ಕೆ ತಪ್ಪಿದಲ್ಲಿ ಕೆಲಸವಿಲ್ಲದೆ ಯಂತ್ರ ನಿಲ್ಲುತ್ತದೆ. ಆದರೆ ಕಂತು ನಿಲ್ಲುವುದಿಲ್ಲ.

ಆದುದರಿಂದ ಯಂತ್ರವನ್ನು ಆರಿಸುವಾಗ ಅಶ್ವಶಕ್ತಿ ಅಥವಾ ಬೆಲೆಯನ್ನು ಮೊದಲು ನೋಡದೆ, ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ: ಮೊದಲು ಕೆಲಸದ ಸ್ಥಳಕ್ಕೆ ಹೋಗುವ ದಾರಿಯ ಅಗಲ, ಎರಡನೆಯದಾಗಿ ಅಗೆಯಬೇಕಾದ ಆಳ ಮತ್ತು ಪ್ರಮಾಣ, ಮೂರನೆಯದಾಗಿ ಮಣ್ಣಿನ ಗುಣ, ನಾಲ್ಕನೆಯದಾಗಿ ಸಾಗಣೆ, ಕೊನೆಯದಾಗಿ ವರ್ಷಕ್ಕೆ ದೊರೆಯಬಹುದಾದ ಕೆಲಸದ ಗಂಟೆಗಳು. ಈ ಐದು ಅಂಶಗಳಿಗೆ ಉತ್ತರ ದೊರೆತ ನಂತರವೇ ಬೆಲೆಯ ಮಾತು.

2. ಹೆಸರುಗಳ ಬಗ್ಗೆ ಸ್ಪಷ್ಟನೆ

ನಮ್ಮಲ್ಲಿ ಚಕ್ರವುಳ್ಳ ಅಗೆಯುವ ಯಂತ್ರಕ್ಕೆ 'ಜೆಸಿಬಿ' ಎಂತಲೂ, ಸರಪಳಿ ಪಟ್ಟಿಯ ಮೇಲೆ ಚಲಿಸುವ ಯಂತ್ರಕ್ಕೆ 'ಹಿಟಾಚಿ' ಎಂತಲೂ ಕರೆಯುವುದು ರೂಢಿಯಲ್ಲಿದೆ. ವಾಸ್ತವದಲ್ಲಿ ಇವೆರಡೂ ತಯಾರಕ ಸಂಸ್ಥೆಗಳ ಹೆಸರುಗಳು. ಚಕ್ರವುಳ್ಳ ಯಂತ್ರದ ಸರಿಯಾದ ಹೆಸರು ಬ್ಯಾಕ್‌ಹೋ ಲೋಡರ್. ಇದರ ಮುಂಭಾಗದಲ್ಲಿ ಮಣ್ಣು ತುಂಬುವ ಅಗಲವಾದ ಬಕೆಟ್ ಹಾಗೂ ಹಿಂಭಾಗದಲ್ಲಿ ಅಗೆಯುವ ತೋಳು ಇರುತ್ತದೆ. ಪಟ್ಟಿಯ ಮೇಲೆ ಚಲಿಸಿ, ಮೇಲ್ಭಾಗವು ಸುತ್ತಲೂ 360 ಡಿಗ್ರಿ ತಿರುಗಬಲ್ಲ ಯಂತ್ರವೇ ಎಕ್ಸ್‌ಕವೇಟರ್.

ಐ.ಎಸ್.ಓ. 6165 ಮಾನದಂಡದ ಪ್ರಕಾರ ಕಾರ್ಯನಿರತ ತೂಕವು 6,000 ಕೆ.ಜಿ. ಮೀರದ ಎಕ್ಸ್‌ಕವೇಟರನ್ನು ಕಿರು ವರ್ಗಕ್ಕೆ ಸೇರಿಸಲಾಗಿದೆ. ಇದನ್ನೇ ಸಾಮಾನ್ಯವಾಗಿ ಮಿನಿ ಎಕ್ಸ್‌ಕವೇಟರ್ ಅಥವಾ ಮಿನಿ ಹಿಟಾಚಿ ಎನ್ನುತ್ತಾರೆ. ಇಕ್ಕಟ್ಟಾದ ಜಪಾನಿನ ಪಟ್ಟಣಗಳ ಅಗತ್ಯಕ್ಕೆ ತಕ್ಕಂತೆ ಈ ವರ್ಗದ ಯಂತ್ರಗಳು 1960ರ ದಶಕದ ಕೊನೆಯಿಂದ ಬೆಳೆದು ಬಂದವು.

ದರಪಟ್ಟಿ ಪಡೆಯುವಾಗ ಅಥವಾ ಬಾಡಿಗೆ ಮಾತನಾಡುವಾಗ ರೂಢಿಯ ಹೆಸರನ್ನಷ್ಟೇ ಹೇಳಿದಲ್ಲಿ ಬೇರೆಯೇ ಗಾತ್ರದ ಯಂತ್ರ ಬರುವ ಸಾಧ್ಯತೆ ಇರುತ್ತದೆ. ತಯಾರಕರ ಹೆಸರು, ಮಾದರಿ ಸಂಖ್ಯೆ, ಕಾರ್ಯನಿರತ ತೂಕ ಮತ್ತು ಗರಿಷ್ಠ ಅಗೆತದ ಆಳ - ಈ ನಾಲ್ಕನ್ನೂ ಬರವಣಿಗೆಯಲ್ಲಿ ಪಡೆಯತಕ್ಕದ್ದು.

3. ಯಂತ್ರಗಳ ವರ್ಗಗಳು

ಕೆಳಗಿನ ಅಳತೆಗಳು ಆಯಾ ವರ್ಗದ ಸಾಮಾನ್ಯ ಅಂದಾಜುಗಳಾಗಿರುತ್ತವೆ. ನಿರ್ದಿಷ್ಟ ಮಾದರಿಯ ಅಳತೆಯನ್ನು ತಯಾರಕರ ತಾಂತ್ರಿಕ ಪತ್ರದಲ್ಲಿ ನೋಡಿಕೊಳ್ಳುವುದು.

(ಅ) 1.5 ರಿಂದ 2 ಟನ್ ವರ್ಗ: ಅಗಲ ಸುಮಾರು 1 ರಿಂದ 1.3 ಮೀಟರ್, ಅಗೆತದ ಆಳ ಸುಮಾರು 2.2 ರಿಂದ 2.4 ಮೀಟರ್. ಕೆಲವು ಮಾದರಿಗಳಲ್ಲಿ ಪಟ್ಟಿಗಳನ್ನು ಒಳಕ್ಕೆ ಎಳೆದುಕೊಂಡು ಗೇಟಿನೊಳಗೆ ನುಗ್ಗಿಸಿ, ನಂತರ ಅಗಲಿಸಿ ಕೆಲಸ ಮಾಡಬಹುದು.

(ಆ) 3 ರಿಂದ 3.5 ಟನ್ ವರ್ಗ: ಅಗಲ ಸುಮಾರು 1.55 ಮೀಟರ್, ಆಳ ಸುಮಾರು 2.8 ರಿಂದ 3.1 ಮೀಟರ್, ಬಕೆಟ್ಟಿನ ಅಳತೆ ಸುಮಾರು 0.1 ಘನ ಮೀಟರ್.

(ಇ) 5 ರಿಂದ 6 ಟನ್ ವರ್ಗ: ಅಗಲ ಸುಮಾರು 1.9 ರಿಂದ 2 ಮೀಟರ್; ಆಳ ಸುಮಾರು 3.6 ರಿಂದ 3.8 ಮೀಟರ್.

(ಈ) ಹೋಲಿಕೆಗಾಗಿ ಬ್ಯಾಕ್‌ಹೋ ಲೋಡರ್: ತೂಕ ಸುಮಾರು 7.5 ರಿಂದ 8 ಟನ್. ಅಗಲ ಸುಮಾರು 2.2 ರಿಂದ 2.4 ಮೀಟರ್, ಆಳ 4 ಮೀಟರಿಗೂ ಹೆಚ್ಚು. ತನ್ನ ಚಕ್ರದ ಮೇಲೆಯೇ ರಸ್ತೆಯಲ್ಲಿ ಸಾಗಬಲ್ಲದು ಮತ್ತು ಲಾರಿಗೆ ಮಣ್ಣು ತುಂಬಬಲ್ಲದು.

4. ಆಯ್ಕೆಯ ಕ್ರಮ

4.1 ದಾರಿಯ ಅಗಲ

ಅರ್ಜಿದಾರರು ತಮಗೆ ಕೆಲಸ ದೊರೆಯಬಹುದಾದ ಊರು, ಬಡಾವಣೆ ಅಥವಾ ತೋಟಗಳಲ್ಲಿ ಹತ್ತಾರು ಸ್ಥಳಗಳಿಗೆ ಟೇಪು ಹಿಡಿದು ಹೋಗಿ ಅತ್ಯಂತ ಕಿರಿದಾದ ಜಾಗವನ್ನು ಅಳೆಯುವುದು ಉಪಯುಕ್ತ. ಗೇಟು, ಓಣಿಯ ತಿರುವು, ಚರಂಡಿಯ ಮೇಲಿನ ಚಪ್ಪಡಿ, ತಗ್ಗಾಗಿ ಹಾದುಹೋಗುವ ತಂತಿ ಇವೆಲ್ಲವೂ ಅಳತೆಗೆ ಸೇರಬೇಕು. 4 ಅಡಿಯ ದಾರಿಯಲ್ಲಿ (ಅ) ವರ್ಗದ ಯಂತ್ರ ಮಾತ್ರ ಹೋಗಬಲ್ಲದು. 6 ಅಡಿ ಇದ್ದಲ್ಲಿ (ಆ) ವರ್ಗದ ಯಂತ್ರ ಸಾಗುತ್ತದೆ. (ಇ) ವರ್ಗದ್ದು ಸಾಗುವುದಿಲ್ಲ. 8 ಅಡಿಯ ಓಣಿಯಲ್ಲಿ ಬ್ಯಾಕ್‌ಹೋ ಲೋಡರ್ ಹೇಗೋ ಒಳಗೆ ಹೋದರೂ ತಿರುಗಲು ಜಾಗವಿರುವುದಿಲ್ಲ. ವಿಶಾಲವಾದ ಹೊಸ ಬಡಾವಣೆಗಳೇ ಹೆಚ್ಚಾಗಿರುವ ಕಡೆ ಬ್ಯಾಕ್‌ಹೋ ಲೋಡರ್‌ಗಳೊಂದಿಗೆ ಮಿನಿ ಯಂತ್ರವು ಪೈಪೋಟಿ ನಡೆಸುವುದು ಕಷ್ಟ. ಹಳೆಯ ಪೇಟೆ, ಕಾಫಿ ಮತ್ತು ಅಡಿಕೆ ತೋಟ, ಎದ್ದು ನಿಂತ ಮನೆಯ ಹಿತ್ತಲು - ದೊಡ್ಡ ಯಂತ್ರ ಹೋಗಲಾರದ ಇಂತಹ ಜಾಗವೇ ಮಿನಿ ಯಂತ್ರದ ಮಾರುಕಟ್ಟೆ.

4.2 ಆಳ ಮತ್ತು ಪ್ರಮಾಣ

ಸಣ್ಣ ಯಂತ್ರದಿಂದ ಕೆಲಸ ಸಾಗುವುದಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಲೆಕ್ಕ ಹಾಕಿದಲ್ಲಿ ಬೇರೆಯೇ ಚಿತ್ರ ದೊರೆಯುತ್ತದೆ. 30 x 40 ಅಡಿ ನಿವೇಶನದಲ್ಲಿ 4 ಅಡಿ ಉದ್ದ, 4 ಅಡಿ ಅಗಲ, 5 ಅಡಿ ಆಳದ 12 ಕಂಬದ ಗುಂಡಿಗಳು ಮತ್ತು 8 x 6 x 6 ಅಡಿಯ ಒಂದು ಸಂಪು ಇವೆ ಎಂದಿಟ್ಟುಕೊಳ್ಳೋಣ. ಒಟ್ಟು ಅಗೆತವು 1,248 ಘನ ಅಡಿ, ಅಂದರೆ ಸುಮಾರು 35 ಘನ ಮೀಟರ್. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಶೇ. 25 ಸೇರಿಸಿದರೆ 44 ಘನ ಮೀಟರ್. 0.1 ಘನ ಮೀಟರ್ ಬಕೆಟ್ಟು ಪ್ರತಿ ಬಾರಿ ಶೇ. 80ರಷ್ಟು ತುಂಬಿದರೆ ಸುಮಾರು 550 ಬಕೆಟ್. ಬಕೆಟ್ಟಿಗೆ 25 ಸೆಕೆಂಡಿನಂತೆ ನಾಲ್ಕು ಗಂಟೆಗೆ ತುಸು ಕಡಿಮೆ. ಸ್ಥಳ ಬದಲಾವಣೆ, ಅಳತೆ, ವಿರಾಮ ಸೇರಿ ಐದೂವರೆ ಗಂಟೆ. ಅರ್ಥಾತ್, 3 ಟನ್ ಯಂತ್ರವು ಇಂತಹ ಮನೆಯ ಅಗೆತವನ್ನು ಒಂದೇ ದಿನದಲ್ಲಿ ಮುಗಿಸಬಲ್ಲದು. ದೊಡ್ಡ ಯಂತ್ರದಿಂದ ಉಳಿಯುವುದು ಸುಮಾರು ಮೂರು ಗಂಟೆ ಮಾತ್ರ.

ಇದಕ್ಕೆ ಪ್ರತಿಯಾಗಿ ದೊಡ್ಡ ಬಕೆಟ್ಟಿನಿಂದ ಗುಂಡಿಯು ಅಗತ್ಯಕ್ಕಿಂತ ಅಗಲವಾಗುವುದುಂಟು. 4 ಅಡಿ ಚೌಕದ ಗುಂಡಿ 5 ಅಡಿ ಚೌಕವಾದರೆ ಅಗೆತವು ಶೇ. 56ರಷ್ಟು ಹೆಚ್ಚುತ್ತದೆ, ಮರಳಿ ಮಣ್ಣು ತುಂಬಿ ದಮ್ಮಸು ಮಾಡುವ ಖರ್ಚೂ ಅದರೊಂದಿಗೆ ಏರುತ್ತದೆ. ಕೊಳವೆ ಮಾರ್ಗಕ್ಕೆ 1 ಅಡಿ ಅಗಲದ ಕಿರಿದಾದ ಬಕೆಟ್ ಪ್ರತ್ಯೇಕವಾಗಿ ಬೇಕಾಗುತ್ತದೆ.

ಆಳದ ವಿಷಯದಲ್ಲಿ, ತಾಂತ್ರಿಕ ಪತ್ರದಲ್ಲಿನ ಗರಿಷ್ಠ ಆಳವನ್ನೇ ನಿತ್ಯದ ಕೆಲಸದ ಆಳವೆಂದು ಭಾವಿಸಬಾರದು. ತೋಳು ಪೂರ್ಣವಾಗಿ ಚಾಚಿದಾಗ ಶಕ್ತಿ ಕುಗ್ಗುತ್ತದೆ. ನಿತ್ಯ ಅಗೆಯಬೇಕಾದ ಆಳಕ್ಕಿಂತ ಅರ್ಧ ಮೀಟರಿನಷ್ಟಾದರೂ ಹೆಚ್ಚು ಆಳದ ಸಾಮರ್ಥ್ಯವಿರುವ ಯಂತ್ರವನ್ನು ಆರಿಸುವುದು ಲೇಸು.

4.3 ಮಣ್ಣಿನ ಗುಣ

ಉತ್ತರ ಕರ್ನಾಟಕದ ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ಒದ್ದೆಯಾದಾಗ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಅಗಲವಾದ ಪಟ್ಟಿ ಇರುವ ಯಂತ್ರವು ಹೂತುಕೊಳ್ಳದೆ ನಿಲ್ಲುತ್ತದೆ. ಕರಾವಳಿಯ ಮುರಕಲ್ಲಿನ ಪದರ ಹಾಗೂ ಬಯಲುಸೀಮೆಯ ಗಟ್ಟಿ ಗರಸಿನಲ್ಲಿ ಬಕೆಟ್ಟಿನ ಹಲ್ಲುಗಳು ಬೇಗ ಸವೆಯುತ್ತವೆ. 2 ಟನ್ನಿಗಿಂತ ಕಡಿಮೆ ತೂಕದ ಯಂತ್ರವು ಮಣ್ಣನ್ನು ಎಳೆಯುವ ಬದಲು ತಾನೇ ಮುಂದಕ್ಕೆ ಜಾರುತ್ತದೆ. ಬಂಡೆ ಸಿಗುವ ಕಡೆ ಬ್ರೇಕರ್ ಅಳವಡಿಸಬೇಕಾಗುವುದರಿಂದ, ಅದಕ್ಕೆ ಬೇಕಾದ ಹೆಚ್ಚುವರಿ ಹೈಡ್ರಾಲಿಕ್ ಮಾರ್ಗವು ಯಂತ್ರದಲ್ಲಿ ಮೊದಲೇ ಇದೆಯೇ ಎಂದು ಕೇಳತಕ್ಕದ್ದು.

4.4 ಸಾಗಣೆ

ಪಟ್ಟಿಯ ಯಂತ್ರವು ಕೆಲಸದಿಂದ ಕೆಲಸಕ್ಕೆ ಲಾರಿ ಅಥವಾ ಟ್ರೇಲರ್ ಮೇಲೆಯೇ ಹೋಗಬೇಕು. 1.7 ಟನ್ ಯಂತ್ರಕ್ಕೆ 1.5 ಟನ್ ಹೊರೆ ಸಾಮರ್ಥ್ಯದ ಸರಕು ವಾಹನ ಸಾಲದು. ಬಕೆಟ್, ಇಳಿಜಾರು ಹಲಗೆ, ಡೀಸೆಲ್ ಸೇರಿ ತೂಕ ಮತ್ತಷ್ಟು ಹೆಚ್ಚುತ್ತದೆ. ಸಾಗಣೆ ವಾಹನದ ನೋಂದಣಿ ಪತ್ರದಲ್ಲಿ ನಮೂದಾಗಿರುವ ಹೊರೆ ಮಿತಿಯನ್ನು ನೋಡಿಯೇ ಗೊತ್ತುಪಡಿಸಬೇಕು. ದಿನಕ್ಕೆ ಎರಡು ಗಂಟೆಯ ಚದುರಿದ ಕೆಲಸಗಳೇ ಹೆಚ್ಚಾಗಿದ್ದಲ್ಲಿ ಆದಾಯದ ದೊಡ್ಡ ಪಾಲು ಸಾಗಣೆಗೆ ಹೋಗುತ್ತದೆ. ಇದನ್ನು ಯೋಜನಾ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಅವಶ್ಯಕ.

5. ಯಂತ್ರದಲ್ಲಿ ಪರಿಶೀಲಿಸಬೇಕಾದ ಅಂಶಗಳು

(ಅ) ಹಿಂಭಾಗದ ಚಾಚು: ಕೆಲವು ಮಾದರಿಗಳಲ್ಲಿ ಮೇಲ್ಭಾಗ ತಿರುಗುವಾಗ ಹಿಂಬದಿಯು ಪಟ್ಟಿಯ ಅಗಲವನ್ನು ಮೀರಿ ಹೊರಬರುವುದಿಲ್ಲ. ಗೋಡೆಯ ಪಕ್ಕದ ಕೆಲಸಕ್ಕೆ ಇದು ಅನುಕೂಲ. ಸಾಮಾನ್ಯ ಮಾದರಿಯಲ್ಲಿ ಚಾಲಕನ ದೃಷ್ಟಿ ಮುಂದಿರುವಾಗ ಹಿಂಬದಿಯು ನೆರೆಮನೆಯ ಕಾಂಪೌಂಡಿಗೆ ತಾಗುವ ಅಪಾಯವಿದೆ.

(ಆ) ತೋಳಿನ ಪಕ್ಕ ಚಲನೆ: ಯಂತ್ರವನ್ನು ನೇರವಾಗಿ ನಿಲ್ಲಿಸಿ ತೋಳನ್ನು ಮಾತ್ರ ಪಕ್ಕಕ್ಕೆ ಸರಿಸುವ ವ್ಯವಸ್ಥೆ ಇದ್ದಲ್ಲಿ ಗೋಡೆಗೆ ಸಮಾನಾಂತರವಾಗಿ ಚರಂಡಿ ಅಗೆಯಬಹುದು.

(ಇ) ಪಟ್ಟಿ: ರಬ್ಬರ್ ಪಟ್ಟಿಯು ಕಾಂಕ್ರೀಟ್ ಅಂಗಳ ಮತ್ತು ಡಾಂಬರಿಗೆ ಹಾನಿ ಮಾಡುವುದಿಲ್ಲವೆನ್ನಬಹುದಾದಷ್ಟು ಮೃದು, ಚೂಪು ಕಲ್ಲಿನಲ್ಲಿ ಹರಿಯುತ್ತದೆ. ಉಕ್ಕಿನ ಪಟ್ಟಿಯ ಗುಣ ಇದಕ್ಕೆ ವಿರುದ್ಧ.

(ಈ) ಮಣ್ಣು ದೂಡುವ ಹಲಗೆ: ಮುಂಭಾಗದ ಈ ಹಲಗೆಯಿಂದ ಗುಂಡಿ ಮುಚ್ಚುವ ಮತ್ತು ನೆಲ ಸಮ ಮಾಡುವ ಕೆಲಸ ಆಗುತ್ತದೆ, ಅಗೆಯುವಾಗ ಯಂತ್ರಕ್ಕೆ ಆಸರೆಯೂ ಆಗುತ್ತದೆ.

(ಉ) ಚಾಲಕನ ರಕ್ಷಣೆ: ಯಂತ್ರ ಮಗುಚಿದಾಗ ಚಾಲಕನನ್ನು ಕಾಪಾಡುವ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇಲ್ಲದ ಯಂತ್ರವನ್ನು ಎಷ್ಟೇ ಕಡಿಮೆ ಬೆಲೆಗೆ ದೊರೆತರೂ ಕೊಳ್ಳಬಾರದು.

(ಊ) ದುರಸ್ತಿ: ಬಿಡಿಭಾಗಗಳು ಯಾವ ಊರಿನಲ್ಲಿ ದೊರೆಯುತ್ತವೆ, ಮೆಕ್ಯಾನಿಕ್ ಸ್ಥಳಕ್ಕೆ ಬರಲು ಎಷ್ಟು ದಿನ ಬೇಕು ಎಂಬುದನ್ನು ಮಾರಾಟಗಾರರಿಂದಲ್ಲದೆ, ಅದೇ ಮಾದರಿಯನ್ನು ಎರಡು ವರ್ಷ ಓಡಿಸಿರುವ ಮಾಲೀಕರಿಂದ ತಿಳಿದುಕೊಳ್ಳುವುದು.

6. ಖರೀದಿಯೋ, ಬಾಡಿಗೆಯೋ

ಈ ಪ್ರಶ್ನೆಗೆ ಗಂಟೆಗಳ ಲೆಕ್ಕದಲ್ಲಿಯೇ ಉತ್ತರವಿದೆ. ಕೆಳಗಿನ ಮೊತ್ತಗಳು ಲೆಕ್ಕದ ವಿಧಾನವನ್ನು ತಿಳಿಸಲು ಕಲ್ಪಿಸಿಕೊಂಡವುಗಳಾಗಿದ್ದು, ಅರ್ಜಿದಾರರು ತಮ್ಮ ಊರಿನ ನೈಜ ದರಗಳನ್ನು ಹಾಕಿಕೊಳ್ಳತಕ್ಕದ್ದು.

ಯಂತ್ರದ ಬೆಲೆ 25 ಲಕ್ಷ ರೂಪಾಯಿ. ಸ್ವಂತ ಹಣ 5 ಲಕ್ಷ. ಸಾಲ 20 ಲಕ್ಷ. ಬಡ್ಡಿ ವಾರ್ಷಿಕ ಶೇ. 11, ಅವಧಿ 48 ತಿಂಗಳು. ಮಾಸಿಕ ಕಂತು ಸುಮಾರು 51,700 ರೂಪಾಯಿ. ಚಾಲಕನ ಸಂಬಳ 25,000. ವಿಮೆ ಮತ್ತು ದುರಸ್ತಿಗೆ ತೆಗೆದಿಡುವ ಹಣ 15,300. ಯಂತ್ರ ಓಡಲಿ, ಓಡದಿರಲಿ ಪ್ರತಿ ತಿಂಗಳು ಹೊರಹೋಗುವ ಮೊತ್ತ 92,000 ರೂಪಾಯಿ.

ಗಂಟೆಯ ಬಾಡಿಗೆ 1,200 ರೂಪಾಯಿ, ಡೀಸೆಲ್ ಮತ್ತು ಸವೆತದ ಖರ್ಚು ಗಂಟೆಗೆ 500 ಎಂದಾದರೆ ಉಳಿಯುವುದು 700. 92,000ವನ್ನು 700ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 132 ಗಂಟೆ, ಅಂದರೆ ದಿನಕ್ಕೆ ಆರು ಗಂಟೆಯಂತೆ 22 ದಿನ ಯಂತ್ರ ಓಡಲೇಬೇಕು. ಇಷ್ಟಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇಲ್ಲಿ ಅನೇಕರು ಗಮನಿಸದ ಅಂಶವೊಂದಿದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಅಗೆತದ ಕೆಲಸ ಬಹುತೇಕ ನಿಲ್ಲುತ್ತದೆ. ಕಂತು ಹನ್ನೆರಡು ತಿಂಗಳಿಗೂ ಇರುತ್ತದೆ. ವರ್ಷದ 11,04,000 ರೂಪಾಯಿ ಸ್ಥಿರ ಖರ್ಚಿಗೆ 1,577 ಗಂಟೆ ಬೇಕು. ಅದನ್ನು ಎಂಟೇ ತಿಂಗಳಲ್ಲಿ ದುಡಿಯಬೇಕಾದರೆ ತಿಂಗಳಿಗೆ 197 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಸುಮಾರು 25 ದಿನ. ಬಿಡುವಿಲ್ಲದೆ ಇಷ್ಟು ಕೆಲಸ ದೊರೆಯುವುದೆಂಬ ಖಾತ್ರಿ ಇಲ್ಲದಿದ್ದಲ್ಲಿ ಖರೀದಿಯ ಆಲೋಚನೆಯನ್ನು ಮುಂದೂಡುವುದು ಕ್ಷೇಮ. ಮಾಲೀಕರೇ ತರಬೇತಿ ಪಡೆದು ಯಂತ್ರ ಓಡಿಸುವುದಾದರೆ ಸಂಬಳದ ಮೊತ್ತ ಮನೆಯಲ್ಲೇ ಉಳಿಯುವುದರಿಂದ 1,577ರ ಬದಲು ಸುಮಾರು 1,150 ಗಂಟೆಗಳಲ್ಲಿಯೇ ಸ್ಥಿರ ಖರ್ಚು ತೀರುತ್ತದೆ. ಆದರೆ ಆ ಗಂಟೆಗಳ ಸ್ವಂತ ದುಡಿಮೆಗೆ ಕೂಲಿ ದೊರೆತಿರುವುದಿಲ್ಲ ಎಂಬುದು ನೆನಪಿರಬೇಕು.

ತಮ್ಮ ಸ್ವಂತ ಕಾಮಗಾರಿಗೆ ತಿಂಗಳಿಗೆ 40 ಗಂಟೆ ಮಾತ್ರ ಯಂತ್ರ ಬೇಕಾಗುವ ಗುತ್ತಿಗೆದಾರರಿಗೆ ಬಾಡಿಗೆಯಿಂದ ಆಗುವ ಖರ್ಚು 48,000 ರೂಪಾಯಿ. ಇದು ಮೇಲಿನ ಕಂತಿಗಿಂತಲೂ ಕಡಿಮೆ. ಬಾಡಿಗೆ ಗೊತ್ತುಪಡಿಸುವಾಗ ಕನಿಷ್ಠ ಗಂಟೆಗಳು, ಹೋಗಿ ಬರುವ ಸಾಗಣೆ, ಡೀಸೆಲ್ ಮತ್ತು ಯಂತ್ರ ಕೆಟ್ಟು ನಿಂತ ಸಮಯ ಯಾರ ಲೆಕ್ಕಕ್ಕೆ ಎಂಬುದನ್ನು ಬರೆದುಕೊಳ್ಳಬೇಕು.

ತೆರಿಗೆ: ದರಪಟ್ಟಿಯಲ್ಲಿ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸೇರಿದೆಯೇ ಎಂದು ನೋಡಬೇಕು. ನೋಂದಾಯಿತ ವ್ಯವಹಾರಸ್ಥರು ಈ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ನೋಂದಣಿ ಇಲ್ಲದವರಿಗೆ ಅದು ಪೂರ್ಣ ಖರ್ಚೇ ಆಗುತ್ತದೆ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದಲ್ಲಿ ನೋಂದಣಿ ಕಡ್ಡಾಯ. ಮೇಲಿನ ಉದಾಹರಣೆಯಲ್ಲಿ ವಹಿವಾಟು ಸುಮಾರು 18.9 ಲಕ್ಷ, ಸ್ವಲ್ಪ ಲಾಭ ಬರತೊಡಗಿದ ಕೂಡಲೇ ಮಿತಿ ದಾಟುತ್ತದೆ.

7. ಬಳಸಿದ ಯಂತ್ರವನ್ನು ಕೊಳ್ಳುವವರಿಗೆ

ಗಂಟೆ ಮಾಪಕದ ಅಂಕಿಯನ್ನಷ್ಟೇ ನಂಬಬಾರದು, ಮಾಪಕವನ್ನು ಬದಲಿಸಿರಬಹುದು. ಕೆಳಕಂಡ ಪರೀಕ್ಷೆಗಳನ್ನು ಖರೀದಿದಾರರೇ ಮಾಡಬಹುದು:

(ಅ) ಬಕೆಟ್ಟನ್ನು ನೆಲಕ್ಕೂರಿ ಅಲುಗಾಡಿಸಿ, ಪಿನ್ನು ಮತ್ತು ಬುಷ್‌ಗಳ ಸಡಿಲತೆಯನ್ನು ನೋಡುವುದು.

(ಆ) ತೋಳನ್ನು ಎತ್ತಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಎಂಜಿನ್ ನಿಲ್ಲಿಸಿ ಕಾಯುವುದು. ತೋಳು ಬೇಗನೆ ಇಳಿಯುತ್ತಾ ಬಂದರೆ ಹೈಡ್ರಾಲಿಕ್ ಒಳಸೋರಿಕೆ ಇರುತ್ತದೆ.

(ಇ) ಸಿಲಿಂಡರ್ ರಾಡ್‌ಗಳ ಮೇಲಿನ ಗೀರು, ತೈಲದ ಜಿನುಗು ಮತ್ತು ತೋಳಿನ ಬುಡದಲ್ಲಿ ಹೊಸ ವೆಲ್ಡಿಂಗ್ ಗುರುತುಗಳನ್ನು ಪರಿಶೀಲಿಸುವುದು.

(ಈ) ಎಂಜಿನ್ ಪೂರ್ಣ ತಣ್ಣಗಿರುವಾಗ ಮೊದಲ ಬಾರಿ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡುವುದು.

ಪಟ್ಟಿಯ ಯಂತ್ರಗಳಿಗೆ ಅನೇಕ ಬಾರಿ ನೋಂದಣಿ ಪತ್ರ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಮೂಲ ಖರೀದಿ ಬಿಲ್ಲೇ ಮಾಲೀಕತ್ವದ ಮುಖ್ಯ ಆಧಾರ. ಬಿಲ್ಲಿನಲ್ಲಿರುವ ಕ್ರಮಸಂಖ್ಯೆ ಮತ್ತು ಎಂಜಿನ್ ಸಂಖ್ಯೆಯನ್ನು ಯಂತ್ರದ ಫಲಕದೊಂದಿಗೆ ತಾಳೆ ನೋಡಿ, ಹಿಂದಿನ ಸಾಲ ತೀರಿರುವ ಬಗ್ಗೆ ಹಣಕಾಸು ಸಂಸ್ಥೆಯ ನಿರಾಕ್ಷೇಪಣಾ ಪತ್ರ ಪಡೆದ ನಂತರವೇ ಮುಂಗಡ ನೀಡತಕ್ಕದ್ದು. ಸಾಲ ತೀರದ ಯಂತ್ರವನ್ನು ಕೊಂಡಲ್ಲಿ, ಪೂರ್ಣ ಹಣ ಕೊಟ್ಟ ಮೇಲೂ ಯಂತ್ರ ಜಪ್ತಿಯಾಗುವ ಅಪಾಯವಿದೆ.

8. ಕಾನೂನು ಅಂಶಗಳು

(ಅ) ಚಕ್ರವುಳ್ಳ ಬ್ಯಾಕ್‌ಹೋ ಲೋಡರ್‌ಗಳು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರನ್ವಯ ನಿರ್ಮಾಣ ಉಪಕರಣ ವಾಹನಗಳಾಗಿದ್ದು, ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ನೋಂದಣಿ ಅವಶ್ಯಕ. ಪಟ್ಟಿಯ ಯಂತ್ರವನ್ನು ರಸ್ತೆಯ ಮೇಲೆ ಓಡಿಸದೆ ವಾಹನದಲ್ಲಿ ಸಾಗಿಸಬೇಕು. ಕೊಳ್ಳಲಿರುವ ಮಾದರಿಗೆ ನೋಂದಣಿ ಅನ್ವಯಿಸುತ್ತದೆಯೇ ಎಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳುವುದು.

(ಆ) ನೆಲದಡಿಯ ದೂರಸಂಪರ್ಕ ಕೇಬಲ್‌ಗಳ ರಕ್ಷಣೆಗಾಗಿ, ಅಗೆಯುವ ಮುನ್ನ ಸೂಚನೆ ನೀಡುವ ವ್ಯವಸ್ಥೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆ ರೂಪಿಸಿದೆ. ಇದಕ್ಕಾಗಿ 'ಕಾಲ್ ಬಿಫೋರ್ ಯು ಡಿಗ್' ಮೊಬೈಲ್ ತಂತ್ರಾಂಶವನ್ನು 2023ರ ಮಾರ್ಚ್ 22ರಂದು ಬಿಡುಗಡೆ ಮಾಡಲಾಯಿತು. ಇದರೊಂದಿಗೆ ಸ್ಥಳೀಯ ಸಂಸ್ಥೆ, ವಿದ್ಯುತ್ ಸರಬರಾಜು ಕಂಪನಿ ಮತ್ತು ನೀರು ಸರಬರಾಜು ಕಚೇರಿಗಳಲ್ಲಿಯೂ ವಿಚಾರಿಸಬೇಕು. ರಸ್ತೆ ಅಗೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಪ್ರತ್ಯೇಕವಾಗಿ ಅಗತ್ಯ.

(ಇ) ಅಗೆದ ಮಣ್ಣನ್ನು ಹೊರಗೆ ಸಾಗಿಸಿ ಮಾರಾಟ ಮಾಡುವ ಮುನ್ನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ನಿಯಮಗಳನ್ನು ತಿಳಿದುಕೊಳ್ಳತಕ್ಕದ್ದು.

9. ಸುರಕ್ಷತೆ

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯ ಮಟ್ಟದವರೆಗೆ ಮಣ್ಣಿನಲ್ಲಿ ಹೂತ ವ್ಯಕ್ತಿಯು ತಲೆ ಹೊರಗಿದ್ದರೂ ಉಸಿರಾಡಲಾರ. ಯಂತ್ರವು ಕೆಲವೇ ನಿಮಿಷಗಳಲ್ಲಿ ಆಳವಾದ ಕಂದಕವನ್ನು ತೋಡಬಲ್ಲದಾದ್ದರಿಂದ ಈ ಅಪಾಯವು ಕೈಯಿಂದ ಅಗೆಯುವ ಕೆಲಸಕ್ಕಿಂತ ಬೇಗ ಎದುರಾಗುತ್ತದೆ.

(ಅ) ಅಗೆತದ ಸುರಕ್ಷತೆಗೆ ಸಂಬಂಧಿಸಿದ ಭಾರತೀಯ ಮಾನದಂಡ ಐ.ಎಸ್. 3764ನ್ನು ಪಾಲಿಸತಕ್ಕದ್ದು. 1.5 ಮೀಟರಿಗಿಂತ ಆಳದ ಕಂದಕದ ಪಕ್ಕಗಳಿಗೆ ಹಲಗೆ ಮತ್ತು ಅಡ್ಡಗಂಬಗಳ ಆಸರೆ ನೀಡದೆ ಅಥವಾ ಇಳಿಜಾರು ಮಾಡದೆ ಯಾರನ್ನೂ ಒಳಗೆ ಇಳಿಸಬಾರದು.

(ಆ) ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧದಷ್ಟು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು.

(ಇ) ತೋಳು ತಿರುಗುವ ವ್ಯಾಪ್ತಿಯೊಳಗೆ ಜನರು, ವಿಶೇಷವಾಗಿ ಯಂತ್ರ ನೋಡಲು ಬರುವ ಮಕ್ಕಳು, ನಿಲ್ಲದಂತೆ ಹಗ್ಗ ಕಟ್ಟಬೇಕು.

(ಈ) ವಿದ್ಯುತ್ ತಂತಿಯ ಕೆಳಗೆ ಕೆಲಸವಿದ್ದಲ್ಲಿ ಸಂಬಂಧಿಸಿದ ಕಚೇರಿಗೆ ತಿಳಿಸಿ ಮಾರ್ಗವನ್ನು ಸ್ಥಗಿತಗೊಳಿಸಿದ ನಂತರವೇ ತೋಳನ್ನು ಎತ್ತುವುದು.

(ಉ) ಚಾಲಕರು ತರಬೇತಿ ಪಡೆದವರಾಗಿರಬೇಕು. ಎಕ್ಸ್‌ಕವೇಟರ್ ಚಾಲನೆಗೆ ಮೂಲಸೌಕರ್ಯ ಉಪಕರಣ ಕೌಶಲ್ಯ ಮಂಡಳಿಯ ಪ್ರಮಾಣಪತ್ರ ದೊರೆಯುತ್ತದೆ.

10. ಅರ್ಜಿಯೊಂದಿಗೆ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ಕನಿಷ್ಠ ಎರಡು ಮಾರಾಟಗಾರರಿಂದ ಪಡೆದ ದರಪಟ್ಟಿ ಹಾಗೂ ತಾಂತ್ರಿಕ ಪತ್ರ.

(ಆ) ಉದ್ಯಮ್ ನೋಂದಣಿ ಪತ್ರ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಯಾವುದೇ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ.

(ಇ) ಯೋಜನಾ ವರದಿ. ಇದರಲ್ಲಿ ಮೇಲೆ ತಿಳಿಸಿದ ಗಂಟೆಗಳ ಲೆಕ್ಕ, ಮಳೆಗಾಲದ ತಿಂಗಳುಗಳು ಮತ್ತು ಸಾಗಣೆ ಖರ್ಚು ಇರಬೇಕು. ಎಲ್ಲ ತಿಂಗಳೂ ಒಂದೇ ಆದಾಯವನ್ನು ತೋರಿಸಿರುವ ವರದಿಯು ಬ್ಯಾಂಕಿಗಿಂತ ಮೊದಲು ಅರ್ಜಿದಾರರನ್ನೇ ದಾರಿ ತಪ್ಪಿಸುತ್ತದೆ.

(ಈ) ಈಗಾಗಲೇ ಕೆಲಸ ನೀಡುವುದಾಗಿ ತಿಳಿಸಿರುವ ಗುತ್ತಿಗೆದಾರರ ಅಥವಾ ತೋಟದ ಮಾಲೀಕರ ಪತ್ರಗಳಿದ್ದಲ್ಲಿ ಅವುಗಳ ಪ್ರತಿ.

(ಉ) ಗುತ್ತಿಗೆದಾರರ ಯಂತ್ರೋಪಕರಣಗಳಿಗೆಂದೇ ಇರುವ ವಿಮಾ ಪಾಲಿಸಿಯ ದರಪಟ್ಟಿ.

ವಿಶೇಷ ಸೂಚನೆ: ಖರೀದಿಗೆ ಮುನ್ನ ಅದೇ ವರ್ಗದ ಯಂತ್ರವನ್ನು ಒಂದು ತಿಂಗಳ ಕಾಲ ಬಾಡಿಗೆಗೆ ಪಡೆದು ದುಡಿಸಿ, ಪ್ರತಿದಿನ ಓಡಿದ ಗಂಟೆ, ಸುಟ್ಟ ಡೀಸೆಲ್ ಮತ್ತು ಕೈಗೆ ಬಂದ ಹಣವನ್ನು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಆ ಒಂದು ತಿಂಗಳ ಪುಸ್ತಕವು ನಾಲ್ಕು ವರ್ಷಗಳ ಕಂತಿನ ಬಗ್ಗೆ ಯಾವುದೇ ಮಾರಾಟ ಪತ್ರಕ್ಕಿಂತ ಹೆಚ್ಚು ನಂಬಲರ್ಹವಾದ ಮಾಹಿತಿಯನ್ನು ನೀಡುತ್ತದೆ.